44 ಸೆಕೆಂಡು, 12 ಅಂಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಕಾಲೇಜು ತಂಡಗಳು ಪ್ರತಿ ವರ್ಷ ಮಾರ್ಚ್–ಏಪ್ರಿಲ್‌ನಲ್ಲಿ ಆಡುವ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟವಾಗಿತ್ತು. ಸೋತೇ ಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದ ಪಂದ್ಯವನ್ನು ಕೊನೆಯ ಗಳಿಗೆಯಲ್ಲಿ ಗೆದ್ದ ತಂಡಗಳ ಪ್ರಸ್ತಾಪ ಅದರಲ್ಲಿತ್ತು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಮಾತಿನ ಸುತ್ತಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಅಣ್ಣನ ಮಗ ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನ ಕಾಲೇಜಿನ ತಂಡ ಒಮ್ಮೆ 44 ಸೆಕೆಂಡು ಮಾತ್ರ ಉಳಿದಿದ್ದಾಗ 12 ಅಂಕ ಹಿಂದಿದ್ದೂ ಗೆದ್ದಿತಂತೆ. ಹುಡುಗರ ಬಡಾಯಿ ಎಂದು ನಾನು ನಂಬಲಿಲ್ಲ. ಇದು ಸಾಧ್ಯವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅಣ್ಣನ ಮಗ ಒಂದು ಅಂಕವನ್ನೂ ಹೆಚ್ಚಿಸಿ ಹೇಳಿಲ್ಲ. 2016ರ ಮಾರ್ಚ್ 20ರಂದು ಓಕ್ಲಹೋಮ ಸಿಟಿಯಲ್ಲಿ ನಡೆದ ಎರಡನೇ ಸುತ್ತಿನ ಪಂದ್ಯದಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ತಂಡವು ನಾರ್ದರ್ನ್ ಅಯೋವಾ ತಂಡದ ಎದುರು 57–69ರಿಂದ ಹಿಂದಿತ್ತು; ಗಡಿಯಾರದಲ್ಲಿ ಉಳಿದಿದ್ದುದು 44 ಸೆಕೆಂಡು. ಆ 44 ಸೆಕೆಂಡುಗಳಲ್ಲಿ ಎ ಅಂಡ್ ಎಂ 14 ಅಂಕ ಗಳಿಸಿತು, ನಾರ್ದರ್ನ್ ಅಯೋವಾ ಎರಡೇ ಅಂಕ ಗಳಿಸಿತು, ಪಂದ್ಯ 71–71ರಲ್ಲಿ ಸಮನಾಯಿತು. ಎರಡು ಹೆಚ್ಚುವರಿ ಅವಧಿಗಳ ಬಳಿಕ ಎ ಅಂಡ್ ಎಂ 92–88ರಿಂದ ಗೆದ್ದಿತು. ಕೊನೆಯ ಒಂದು ನಿಮಿಷದೊಳಗೆ ಇಷ್ಟು ದೊಡ್ಡ ಅಂತರವನ್ನು ಅಳಿಸಿದ ಇನ್ನೊಂದು ತಂಡ ಈ ಟೂರ್ನಿಯ ಇತಿಹಾಸದಲ್ಲಿ ಇಲ್ಲ.

ಇದು ಹೇಗಾಯಿತು ಎಂಬುದಕ್ಕೆ ಪವಾಡದ ಉತ್ತರ ಬೇಕಿಲ್ಲ, ಗಡಿಯಾರದ ಉತ್ತರ ಸಾಕು. ಪುರುಷರ ಕಾಲೇಜು ಆಟದಲ್ಲಿ ಕೊನೆಯ ನಿಮಿಷದಲ್ಲಿ ಬುಟ್ಟಿಗೆ ಚೆಂಡು ಬಿದ್ದೊಡನೆ ಗಡಿಯಾರ ನಿಲ್ಲುತ್ತದೆ; ಎದುರಾಳಿಯು ಅಂಚಿನ ಗೆರೆಯ ಆಚೆ ನಿಂತು ಚೆಂಡನ್ನು ಒಳಕ್ಕೆ ಎಸೆದು, ಅದು ಅಂಗಣದಲ್ಲಿರುವ ಯಾರದಾದರೂ ಕೈಗೆ ತಾಗುವವರೆಗೂ ಗಡಿಯಾರ ಚಲಿಸುವುದಿಲ್ಲ. ಎಸೆಯುವವನಿಗೆ ಸಿಗುವುದು ಐದೇ ಸೆಕೆಂಡು. ಅವನು ಚೆಂಡನ್ನು ತಲೆಯ ಮೇಲೆತ್ತಿ ಹಿಡಿದು ಯಾರಿಗೆ ಕೊಡಲಿ ಎಂದು ನೋಡುತ್ತಿರುತ್ತಾನೆ, ಪಕ್ಕದಲ್ಲಿ ನಿಂತ ರೆಫರಿಯ ಕೈ ಒಂದು, ಎರಡು, ಮೂರು ಎಂದು ಬೀಸುತ್ತಿರುತ್ತದೆ, ಎದುರಾಳಿಗಳು ಅವನ ಜತೆಗಾರರಿಗೆ ಒಬ್ಬೊಬ್ಬರಂತೆ ಅಂಟಿಕೊಂಡಿರುತ್ತಾರೆ. ಎ ಅಂಡ್ ಎಂ ಆಟಗಾರರು ಮಾಡಿದ್ದು ಇದನ್ನೇ. ಗಾಬರಿಯಾದ ನಾರ್ದರ್ನ್ ಅಯೋವಾ ಹುಡುಗರು ತಮ್ಮದೇ ಅಂಚಿನಲ್ಲಿ, ಅಂದರೆ ಎದುರಾಳಿ ಚೆಂಡು ಹಾಕಬೇಕಾದ ಬುಟ್ಟಿಯ ಕೆಳಗೇ, ಮತ್ತೆ ಮತ್ತೆ ಚೆಂಡು ಕಳೆದುಕೊಂಡರು. ಅಲ್ಲಿ ಕಸಿದ ಚೆಂಡು ಬುಟ್ಟಿ ಸೇರಲು ಎರಡು ಸೆಕೆಂಡು ಸಾಕು. ಸೇರಿದೊಡನೆ ಗಡಿಯಾರ ಮತ್ತೆ ನಿಲ್ಲುತ್ತದೆ. ಸಾಮಾನ್ಯವಾಗಿ ಎರಡು ಮೂರು ಸಲ ಮಾತ್ರ ಚೆಂಡು ಕೈಗೆ ಬರಬಹುದಾದ ಕಾಲದಲ್ಲಿ ಅವರಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಅವಕಾಶಗಳು ಸಿಕ್ಕಿದ್ದು ಹೀಗೆ. ಅಲೆಕ್ಸ್ ಕರುಸೋ ಬುಟ್ಟಿಗೆ ಚೆಂಡು ಹಾಕುವಾಗ ಫೌಲ್ ಕೂಡ ಗಿಟ್ಟಿಸಿ, ಬುಟ್ಟಿಗೆ ಎರಡು, ಫೌಲ್‌ಗೆ ಸಿಕ್ಕ ಎಸೆತಕ್ಕೆ ಒಂದು ಎಂದು ಮೂರು ಅಂಕ ತಂದು ಅಂತರವನ್ನು ಎರಡಕ್ಕೆ ಇಳಿಸಿದರು. ಮರುಗಳಿಗೆಯಲ್ಲೇ ಆಡ್ಮನ್ ಗಿಲ್ಡರ್ ಚೆಂಡು ಕಸಿದು ಪಂದ್ಯವನ್ನು ಸಮ ಮಾಡಿದಾಗ ಇನ್ನೂ 1.9 ಸೆಕೆಂಡು ಬಾಕಿ ಇತ್ತು.

ಇನ್ನೊಂದು ಸಂಗತಿ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಇದೇ ನಾರ್ದರ್ನ್ ಅಯೋವಾ ಎರಡೇ ದಿನ ಮೊದಲು, ಇದೇ ಅಂಗಣದಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯವನ್ನು 75–72ರಿಂದ ಸೋಲಿಸಿತ್ತು. ಗಂಟೆ ಬಾರಿಸುವ ಕ್ಷಣದಲ್ಲಿ ಪಾಲ್ ಜೆಸ್ಪರ್ಸನ್ ಅಂಗಣದ ನಡುಗೆರೆಯಿಂದ ಎಸೆದ ಚೆಂಡು ಬುಟ್ಟಿಯೊಳಗೆ ಬಿದ್ದಿತ್ತು. ಶುಕ್ರವಾರ ಕುಣಿದಾಡಿದ ಹುಡುಗರು ಭಾನುವಾರ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಕೂತರು. ಗೆದ್ದ ಎ ಅಂಡ್ ಎಂ ಕೂಡ ಮುಂದಿನ ಪಂದ್ಯದಲ್ಲೇ ಸೋತು ಮನೆಗೆ ಹೋಯಿತೆಂಬುದನ್ನು ನಿಮ್ಮ ಅಣ್ಣನ ಮಗ ಹೇಳಿರಲಿಕ್ಕಿಲ್ಲ.

ಪ್ರಶ್ನೆ: ನಾನು ಕಾಲೇಜು ದಿನಗಳಲ್ಲಿ ಕಬಡ್ಡಿ ಆಡಿದವನು. ಮುಂದಿರುವ ತಂಡ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಹೊತ್ತು ಕಳೆದರೆ ಆಯಿತಲ್ಲವೇ? ಅಂತರ ಹೇಗೆ ಕರಗುತ್ತದೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಬಡ್ಡಿ ಆಡಿದ ನಿಮಗೆ ಇದನ್ನು ವಿವರಿಸುವುದು ಸುಲಭ. ಪ್ರೊ ಕಬಡ್ಡಿಯಲ್ಲಿ ಸತತ ಎರಡು ರೈಡ್‌ಗಳು ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’ ಆಗುತ್ತದೆ. ಅಂಕ ತರದಿದ್ದರೆ ರೈಡರ್ ಔಟ್. ಮುನ್ನಡೆ ಸಿಕ್ಕ ಮೇಲೆ ಸುಮ್ಮನೆ ಗೆರೆ ಮುಟ್ಟಿ ವಾಪಸು ಬರುವ ಆಟಕ್ಕೆ ಹಾಕಿದ ಮೂಗುದಾರ ಅದು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ಕೆಲಸವನ್ನು ಶಾಟ್ ಕ್ಲಾಕ್ ಮಾಡುತ್ತದೆ. ಚೆಂಡು ಕೈಗೆ ಬಂದ ಇಂತಿಷ್ಟು ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಲೇಬೇಕು. ಪುರುಷರ ಕಾಲೇಜು ಆಟದಲ್ಲಿ ಇದು ಎಲ್ಲೆಡೆ ಜಾರಿಗೆ ಬಂದದ್ದು 1985–86ರಲ್ಲಿ, ಆಗ ಮಿತಿ 45 ಸೆಕೆಂಡು ಇತ್ತು; ಮುಂದೆ 35ಕ್ಕೆ ಇಳಿಯಿತು, 2015–16ರಿಂದ 30 ಆಗಿದೆ. ಶಾಟ್ ಕ್ಲಾಕ್ ಬಂದ ಮರುವರ್ಷವೇ, 1986–87ರಲ್ಲಿ, ದೂರದ ಹೊಡೆತಕ್ಕೆ ಮೂರು ಅಂಕ ಕೊಡುವ ನಿಯಮವೂ ಬಂತು. ಇಂದು ನಾವು ನೋಡುವ ರೋಚಕ ತಿರುವುಗಳಲ್ಲಿ ಬಹುಪಾಲು ಈ ಎರಡು ನಿಯಮಗಳ ಮಕ್ಕಳು.

ಹಾಗಾದರೆ ಶಾಟ್ ಕ್ಲಾಕ್ ಇಲ್ಲದ ಕಾಲದಲ್ಲಿ ಮುನ್ನಡೆ ಭದ್ರವಾಗಿತ್ತೇ? ಇರಲಿಲ್ಲ ಎಂಬುದಕ್ಕೆ 1963ರ ಫೈನಲ್ ಸಾಕ್ಷಿ. ನನಗೆ ವೈಯಕ್ತಿಕವಾಗಿ ಎಲ್ಲಕ್ಕಿಂತ ಇಷ್ಟವಾದ ಪಂದ್ಯವೂ ಅದೇ. ಹಿಂದಿನ ಎರಡು ವರ್ಷ ಸತತ ಚಾಂಪಿಯನ್ ಆಗಿದ್ದ ಸಿನ್ಸಿನಾಟಿ ತಂಡವು ಲೂಯಿವಿಲ್‌ನಲ್ಲಿ ಷಿಕಾಗೊದ ಲೊಯೋಲಾ ತಂಡದ ಎದುರು ದ್ವಿತೀಯಾರ್ಧದಲ್ಲಿ 15 ಅಂಕ ಮುಂದಿತ್ತು. ಅಲ್ಲಿಂದಾಚೆ ಸಿನ್ಸಿನಾಟಿ ಬುಟ್ಟಿಯತ್ತ ನೋಡುವುದನ್ನೇ ಕಡಿಮೆ ಮಾಡಿ, ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಹೊತ್ತು ಕಳೆಯಲು ಹೊರಟಿತು. ದಾಳಿ ಮಾಡುತ್ತಿದ್ದ ಕೈಗಳು ಕಾವಲಿಗೆ ನಿಂತಾಗ ಬಿಗಿಯುತ್ತವೆ. ಚೆಂಡು ಜಾರಿತು, ಅಂತರ ಕರಗಿತು. ಕೊನೆಗೆ ಒಂದು ಅಂಕದ ಮುನ್ನಡೆಯಲ್ಲಿದ್ದ ಸಿನ್ಸಿನಾಟಿಗೆ ಎರಡು ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಒಂದೊಂದು ಅಂಕದ ಎಸೆತ) ಸಿಕ್ಕಾಗ ಮೊದಲನೆಯದು ಬಿತ್ತು, ಎರಡನೆಯದು ತಪ್ಪಿತು. ಆವರೆಗೆ ಪರದಾಡುತ್ತಿದ್ದ ಲೊಯೋಲಾ ನಾಯಕ ಜೆರ್ರಿ ಹಾರ್ಕ್‌ನೆಸ್ ಕೆಲವೇ ಸೆಕೆಂಡು ಬಾಕಿ ಇರುವಾಗ 54–54 ಸಮ ಮಾಡಿದರು. ಹೆಚ್ಚುವರಿ ಅವಧಿಯ ತುತ್ತತುದಿಯಲ್ಲಿ, ಜತೆಗಾರನ ಎಸೆತ ಗುರಿ ತಪ್ಪಿ ಪುಟಿದದ್ದನ್ನು ವಿಕ್ ರೌಸ್ ಗಾಳಿಯಲ್ಲೇ ಹಿಡಿದು ಬುಟ್ಟಿಗೆ ಹಾಕಿ 60–58ರ ಜಯ ತಂದರು. ಹೆಚ್ಚುವರಿ ಅವಧಿಯೂ ಸೇರಿ ಆ 45 ನಿಮಿಷವೂ ಲೊಯೋಲಾ ಪರವಾಗಿ ಆಡಿದ್ದು ಅದೇ ಐವರು. ಒಬ್ಬ ಬದಲಿ ಆಟಗಾರನೂ ಅಂಗಣಕ್ಕೆ ಇಳಿಯಲಿಲ್ಲ.

ಆ ಐವರಲ್ಲಿ ನಾಲ್ವರು ಕಪ್ಪು ವರ್ಣೀಯರು ಎಂಬುದು ಆ ಕಾಲದ ಅಮೆರಿಕದಲ್ಲಿ ಚಿಕ್ಕ ಸಂಗತಿಯಾಗಿರಲಿಲ್ಲ. ಅದೇ ಟೂರ್ನಿಯಲ್ಲಿ ಅವರೆದುರು ಆಡಲು ಮಿಸಿಸಿಪ್ಪಿ ಸ್ಟೇಟ್‌ನ ಬಿಳಿಯ ಆಟಗಾರರ ತಂಡವು ತನ್ನ ರಾಜ್ಯದಿಂದ ಕದ್ದುಮುಚ್ಚಿ ಹೊರಟು ಬರಬೇಕಾಗಿತ್ತು. ಕಪ್ಪು ಆಟಗಾರರಿರುವ ತಂಡದೊಡನೆ ಆಡಕೂಡದೆಂಬ ಅಲಿಖಿತ ಕಟ್ಟಳೆ ಅಲ್ಲಿತ್ತು.

ಪ್ರಶ್ನೆ: ಟಿ.ವಿ.ಯಲ್ಲಿ ನೋಡಿದೆ. ಸೋಲುತ್ತಿರುವ ತಂಡದವರು ಬೇಕೆಂದೇ ಎದುರಾಳಿಯ ಕೈ ಹಿಡಿದು ಫೌಲ್ ಮಾಡುತ್ತಾರೆ. ತಮಗೆ ತಾವೇ ನಷ್ಟ ಮಾಡಿಕೊಳ್ಳುವ ಇದು ಯಾವ ಬುದ್ಧಿವಂತಿಕೆ? ಇದು ಮೋಸವಲ್ಲವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೋಡಲು ಚೆಂದವಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಮೋಸವಲ್ಲ, ನಿಯಮವೇ ಇಟ್ಟ ಬೆಲೆಯನ್ನು ತೆತ್ತು ಸಮಯ ಕೊಳ್ಳುವ ವ್ಯಾಪಾರ. ಫೌಲ್ ಆದೊಡನೆ ಗಡಿಯಾರ ನಿಲ್ಲುತ್ತದೆ. ಪುರುಷರ ಕಾಲೇಜು ಆಟದಲ್ಲಿ ಒಂದು ಅರ್ಧದಲ್ಲಿ ತಂಡವೊಂದರ ಏಳನೆಯ ಫೌಲ್‌ನಿಂದ ಎದುರಾಳಿಗೆ ‘ಒನ್ ಅಂಡ್ ಒನ್’ ಸಿಗುತ್ತದೆ: ಮೊದಲ ಫ್ರೀ ಥ್ರೋ ಬಿದ್ದರೆ ಮಾತ್ರ ಎರಡನೆಯದು, ತಪ್ಪಿದರೆ ಚೆಂಡು ಯಾರಿಗೆ ಸಿಕ್ಕಿತೋ ಅವರದು. ಹತ್ತನೆಯ ಫೌಲ್‌ನಿಂದ ಎರಡೂ ಖಚಿತ. ಅಂದರೆ ಹಿಂದಿರುವ ತಂಡವು ಹೆಚ್ಚೆಂದರೆ ಎರಡು ಅಂಕ ಬಿಟ್ಟುಕೊಟ್ಟು, ಮರುಕ್ಷಣ ಚೆಂಡು ಪಡೆದು ಮೂರು ಅಂಕಕ್ಕೆ ಗುರಿಯಿಡಬಹುದು.

ಈ ವ್ಯಾಪಾರ ಹೇಗೆ ಫಲಿಸುತ್ತದೆ ಎಂಬುದಕ್ಕೆ 2008ರ ಸ್ಯಾನ್ ಆಂಟೋನಿಯೊ ಫೈನಲ್‌ಗಿಂತ ಒಳ್ಳೆಯ ಪಾಠವಿಲ್ಲ. ಎರಡು ನಿಮಿಷ 12 ಸೆಕೆಂಡು ಬಾಕಿ ಇದ್ದಾಗ ಮೆಂಫಿಸ್ ತಂಡ ಕ್ಯಾನ್ಸಾಸ್‌ಗಿಂತ ಒಂಬತ್ತು ಅಂಕ ಮುಂದಿತ್ತು. ಫ್ರೀ ಥ್ರೋ ಮೆಂಫಿಸ್‌ನ ದೌರ್ಬಲ್ಯವೆಂದು ಆ ವರ್ಷವಿಡೀ ಎಲ್ಲರೂ ಹೇಳುತ್ತಲೇ ಬಂದಿದ್ದರು. ಕೊನೆಯ ಒಂದು ನಿಮಿಷ ಕಾಲಿನೊಳಗೆ ಕ್ರಿಸ್ ಡಗ್ಲಾಸ್-ರಾಬರ್ಟ್ಸ್ ಮತ್ತು ಡೆರಿಕ್ ರೋಸ್ ಇಬ್ಬರೂ ಸೇರಿ ಐದು ಫ್ರೀ ಥ್ರೋಗಳಲ್ಲಿ ನಾಲ್ಕನ್ನು ತಪ್ಪಿಸಿಕೊಂಡರು. ಕಾವಲಿಲ್ಲದ ಗೆರೆಯ ಮೇಲೆ, 15 ಅಡಿ ದೂರದಿಂದ, ಯಾರೂ ಅಡ್ಡ ಬರದೆ ಎಸೆಯುವ ಎಸೆತಗಳು ಅವು. ಮೂರು ಅಂಕಗಳ ಅಂತರ ಉಳಿದಾಗ ಕ್ಯಾನ್ಸಾಸ್‌ನ ಮಾರಿಯೊ ಚಾಮರ್ಸ್ 2.1 ಸೆಕೆಂಡು ಇರುವಂತೆ ದೂರದಿಂದ ಹೊಡೆದ ಮೂರು ಅಂಕ ಪಂದ್ಯವನ್ನು 63–63ಕ್ಕೆ ತಂದಿತು; ಹೆಚ್ಚುವರಿ ಅವಧಿಯಲ್ಲಿ ಕ್ಯಾನ್ಸಾಸ್ 75–68ರಿಂದ ಗೆದ್ದಿತು. ಆ ಕೊನೆಯ ಹೊಡೆತಕ್ಕೆ ಮೊದಲೇ ಮೆಂಫಿಸ್ ತಾನೇ ಒಂದು ಫೌಲ್ ಮಾಡಿದ್ದರೆ ಕ್ಯಾನ್ಸಾಸ್‌ಗೆ ಎರಡೇ ಅಂಕದ ಅವಕಾಶ ಸಿಗುತ್ತಿತ್ತು ಎಂಬ ಚರ್ಚೆ ಅಲ್ಲಿ ಈಗಲೂ ಮುಗಿದಿಲ್ಲ. ನೀವು ದಡ್ಡತನ ಎಂದು ಕರೆದ ಕೆಲಸವನ್ನು ಮುಂದಿದ್ದ ತಂಡವೂ ಮಾಡಬೇಕಿತ್ತು ಎಂಬುದೇ ಆ ಚರ್ಚೆಯ ತಿರುಳು.

ಪ್ರಶ್ನೆ: ಯಾವ ಅಂತರ ಭದ್ರ, ಯಾವುದು ಅಲ್ಲ ಎಂದು ಲೆಕ್ಕ ಹಾಕುವ ಸೂತ್ರವೇನಾದರೂ ಇದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಇದೆ. ಬೇಸ್‌ಬಾಲ್ ಅಂಕಿಅಂಶಗಳಿಗೆ ಹೆಸರಾದ ಬಿಲ್ ಜೇಮ್ಸ್ 2008ರಲ್ಲಿ ಪ್ರಕಟಿಸಿದ ಸೂತ್ರವನ್ನು ಪೆನ್ನು ಕಾಗದವಿಲ್ಲದೆಯೂ ಬಳಸಬಹುದು. ಮುನ್ನಡೆಯ ಅಂಕಗಳಿಂದ ಮೂರನ್ನು ಕಳೆಯಿರಿ. ಮುಂದಿರುವ ತಂಡದ ಕೈಯಲ್ಲಿ ಚೆಂಡಿದ್ದರೆ ಅರ್ಧ ಕೂಡಿಸಿ, ಇಲ್ಲದಿದ್ದರೆ ಅರ್ಧ ಕಳೆಯಿರಿ. ಬಂದದ್ದರ ವರ್ಗವು ಉಳಿದಿರುವ ಸೆಕೆಂಡುಗಳಿಗಿಂತ ಹೆಚ್ಚಿದ್ದರೆ ಮುನ್ನಡೆ ಭದ್ರ.

ಮೆಂಫಿಸ್ ಲೆಕ್ಕ ನೋಡೋಣ. ಒಂಬತ್ತರಲ್ಲಿ ಮೂರು ಕಳೆದರೆ ಆರು. ಚೆಂಡು ಅವರದೇ ಎಂದುಕೊಂಡರೂ ಆರೂವರೆ. ಅದರ ವರ್ಗ ಸುಮಾರು 42. ಉಳಿದಿದ್ದುದು 132 ಸೆಕೆಂಡು. ಹಾಗಾಗಿ ಟಿ.ವಿ. ಮುಂದೆ ಕುಳಿತವರಿಗೆ ಮುಗಿದಂತೆ ಕಂಡ ಪಂದ್ಯ ಈ ಸೂತ್ರದ ಪ್ರಕಾರ ಇನ್ನೂ ಜೀವಂತವಾಗಿತ್ತು. ಈಗ ದಾವಣಗೆರೆಯ ಓದುಗರು ನಂಬದ ಪಂದ್ಯ: 12ರಲ್ಲಿ ಮೂರು ಕಳೆದು, ಚೆಂಡು ಎದುರಾಳಿಯದೆಂದು ಇನ್ನರ್ಧ ಕಳೆದರೆ ಎಂಟೂವರೆ; ವರ್ಗ 72ಕ್ಕೂ ಮೇಲೆ; ಬಾಕಿ ಇದ್ದುದು 44 ಸೆಕೆಂಡು. ಸೂತ್ರದ ಪ್ರಕಾರ ಆ ಮುನ್ನಡೆ ಪೂರ್ತಿ ಭದ್ರ. ಆದರೂ ಹೋಯಿತು. ಸೂತ್ರ ಸುಳ್ಳೆಂದು ನಾನು ಹೇಳಲಾರೆ. ಸಾವಿರಾರು ಪಂದ್ಯಗಳಲ್ಲಿ ಎಂದೋ ಒಮ್ಮೆ ಮುರಿಯುವುದರಿಂದಲೇ ಆ ಪಂದ್ಯದ ಹೆಸರು ಉಳಿದಿದೆ. ಕ್ಯಾಲ್ಕುಲೇಟರ್ ಮುರಿದ ಪಂದ್ಯ ಎಂದು ಬೇಕಾದರೆ ಕರೆಯಿರಿ, ನಮ್ಮ ಪತ್ರಿಕೆಗಳ ‘ಸೋಲಿನ ದವಡೆಯಿಂದ’ ಎಂಬ ಸವೆದ ಮಾತಿಗಿಂತ ಅದು ವಾಸಿ.

ಪ್ರಶ್ನೆ: ಈ ಟೂರ್ನಿಯಲ್ಲಿ ಅತಿ ದೊಡ್ಡ ಹಿನ್ನಡೆಯಿಂದ ಗೆದ್ದವರು ಯಾರು? ಮಹಿಳೆಯರ ಟೂರ್ನಿಯಲ್ಲೂ ಇಂಥವು ನಡೆದಿವೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಪುರುಷರ ಟೂರ್ನಿಯ ದಾಖಲೆ 25 ಅಂಕ. 2012ರ ಮಾರ್ಚ್ 13ರಂದು ಒಹಾಯೊದ ಡೇಟನ್‌ನಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಅಷ್ಟು ಹಿಂದಿದ್ದೂ ಅಯೋನಾ ತಂಡವನ್ನು 78–72ರಿಂದ ಸೋಲಿಸಿತು. ಅದೇ ರಾತ್ರಿ, ಅದೇ ಅಂಗಣದಲ್ಲಿ, ಅದಕ್ಕೂ ಮುಂಚಿನ ಪಂದ್ಯದಲ್ಲಿ ವೆಸ್ಟರ್ನ್ ಕೆಂಟಕಿ ಐದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ 16 ಅಂಕ ಹಿಂದಿದ್ದು 59–58ರಿಂದ ಗೆದ್ದಿತ್ತು. ಆ ಪಂದ್ಯ ನೋಡಲು ಅಧ್ಯಕ್ಷ ಬರಾಕ್ ಒಬಾಮ ಅವರು ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರನ್ ಅವರನ್ನು ಕರೆದುಕೊಂಡು ಬಂದಿದ್ದರು. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದ ಅತಿಥಿಗೆ ಅದಕ್ಕಿಂತ ಒಳ್ಳೆಯ ರಾತ್ರಿ ಸಿಗುವುದು ಕಷ್ಟ.

ಸೆಮಿಫೈನಲ್‌ನಲ್ಲಿ 2001ರ ಡ್ಯೂಕ್ ತಂಡದ್ದು ದೊಡ್ಡ ಹೆಸರು: ಮೇರಿಲ್ಯಾಂಡ್ ಎದುರು 22 ಅಂಕ ಹಿಂದಿದ್ದು 95–84ರಿಂದ ಗೆಲುವು. ಅದೇ ವರ್ಷ ಜನವರಿಯಲ್ಲೂ ಮೇರಿಲ್ಯಾಂಡ್ ತನ್ನದೇ ಅಂಗಣದಲ್ಲಿ ಕೊನೆಯ ಒಂದು ನಿಮಿಷದ ಹೊತ್ತಿಗೆ ಹತ್ತು ಅಂಕ ಮುಂದಿದ್ದು ಡ್ಯೂಕ್‌ಗೆ ಸೋತಿತ್ತು, ಪಾಪ. ಫೈನಲ್‌ನ ದಾಖಲೆ ಬಹುಕಾಲ ಮೇಲೆ ಹೇಳಿದ ಲೊಯೋಲಾದ್ದೇ ಆಗಿತ್ತು. 2022ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕ್ಯಾನ್ಸಾಸ್ ತಂಡವು ನಾರ್ತ್ ಕೆರೊಲಿನಾ ಎದುರು 16 ಅಂಕ ಹಿಂದಿದ್ದು 72–69ರಿಂದ ಗೆದ್ದು ಅದನ್ನು ಒಂದು ಅಂಕದಿಂದ ಮುರಿಯಿತು.

ಮಹಿಳೆಯರ ವಿಭಾಗದಲ್ಲಿ 2018ರ ಫೈನಲ್ ನೋಡಲೇಬೇಕಾದದ್ದು. ಆ ಋತುವಿನಲ್ಲಿ ನಾಲ್ವರು ಆಟಗಾರ್ತಿಯರನ್ನು ಮೊಣಕಾಲಿನ ಗಾಯಕ್ಕೆ ಕಳೆದುಕೊಂಡಿದ್ದ ನೊಟ್ರ ಡೇಮ್ ತಂಡ ಮಿಸಿಸಿಪ್ಪಿ ಸ್ಟೇಟ್ ಎದುರು 15 ಅಂಕ ಹಿಂದೆ ಬಿದ್ದಿತ್ತು. ಪಂದ್ಯ ಸಮಬಲಕ್ಕೆ ಬಂದು ನಿಂತಾಗ ಅರಿಕೆ ಒಗುನ್‌ಬೊವಾಲೆ ಬಲ ಮೂಲೆಯತ್ತ ಓಡುತ್ತ, ಸಮತೋಲನ ತಪ್ಪಿದ ಭಂಗಿಯಲ್ಲೇ ಎಸೆದ ಮೂರು ಅಂಕದ ಹೊಡೆತ ಬುಟ್ಟಿ ಸೇರಿದಾಗ ಗಡಿಯಾರದಲ್ಲಿ ಇದ್ದುದು 0.1 ಸೆಕೆಂಡು. ಫಲಿತಾಂಶ 61–58. ಎರಡು ದಿನ ಮೊದಲು ಸೆಮಿಫೈನಲ್‌ನಲ್ಲಿ ಬಲಿಷ್ಠ ಕನೆಕ್ಟಿಕಟ್ ತಂಡವನ್ನು ಕೊನೆಯ ಕ್ಷಣದ ಹೊಡೆತದಿಂದ ಮನೆಗೆ ಕಳಿಸಿದವರೂ ಅವರೇ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಪಂದ್ಯಗಳಲ್ಲಿ ಇದಕ್ಕಿಂತ ಉತ್ತಮ ಆಟಗಾರರಿದ್ದರೂ ಕಾಲೇಜು ಪಂದ್ಯಗಳೇ ಏಕೆ ಇಷ್ಟು ಎದೆ ನಡುಗಿಸುತ್ತವೆ? ನನ್ನ ಮಗಳು ಗೆದ್ದವರನ್ನು ನೋಡದೆ ಸೋತವರಿಗಾಗಿ ಅಳುತ್ತಾಳೆ.
— ಓದುಗರೊಬ್ಬರು, ಎಡಿಸನ್

ಉತ್ತರ: ನಿಮ್ಮ ಮಗಳು ಈ ಆಟವನ್ನು ಸರಿಯಾಗಿಯೇ ನೋಡುತ್ತಿದ್ದಾಳೆ. ಎನ್‌ಬಿಎ ಪ್ಲೇಆಫ್‌ನಲ್ಲಿ ಒಂದು ಪಂದ್ಯ ಕೈಬಿಟ್ಟರೆ ಎರಡು ದಿನ ಬಿಟ್ಟು ಅದೇ ಎದುರಾಳಿಯೊಡನೆ ಮತ್ತೆ ಆಡಬಹುದು. ಏಳರಲ್ಲಿ ನಾಲ್ಕು ಗೆದ್ದರೆ ಸಾಕು. ಇಲ್ಲಿ 68 ತಂಡಗಳು, 67 ಪಂದ್ಯಗಳು. ಒಂದು ಸೋಲಿಗೆ ಮನೆ. ಆಡುವವರು ಇಪ್ಪತ್ತರ ಆಸುಪಾಸಿನವರು, ಅವರಲ್ಲಿ ಬಹುತೇಕರು ಮುಂದೆ ಎನ್‌ಬಿಎ ಸೇರುವುದಿಲ್ಲ, ಅಂತಿಮ ವರ್ಷದವರಿಗೆ ಆ ಜೆರ್ಸಿ ಮತ್ತೆ ತೊಡುವ ಅವಕಾಶವೇ ಇಲ್ಲ. ಹಾಗಾಗಿ ಹಿಂದಿರುವ ತಂಡದ ಪ್ರತಿ ಬುಟ್ಟಿಯೂ ಇನ್ನೊಂದು ಬದಿಯ ಬೆಂಚಿನ ಮೇಲೆ ಕುಳಿತ ಹುಡುಗರ ಮುಖದಲ್ಲಿ ಕಾಣಿಸುತ್ತದೆ.

ಈ ಎರಡು ಮುಖಗಳನ್ನೂ ಒಂದೇ ತಂಡ ಎರಡೇ ದಿನಗಳಲ್ಲಿ ನೋಡಿದ್ದು 2025ರಲ್ಲಿ, ಸ್ಯಾನ್ ಆಂಟೋನಿಯೊದಲ್ಲಿ. ಏಪ್ರಿಲ್ 5ರ ಸೆಮಿಫೈನಲ್‌ನಲ್ಲಿ ಹ್ಯೂಸ್ಟನ್ ತಂಡವು ಡ್ಯೂಕ್ ಎದುರು ದ್ವಿತೀಯಾರ್ಧದಲ್ಲಿ 14 ಅಂಕ ಹಿಂದಿತ್ತು. ಅರ್ಧ ನಿಮಿಷದ ಆಸುಪಾಸು ಉಳಿದಿದ್ದಾಗಲೂ ಆರು ಅಂಕ ಹಿಂದಿತ್ತು. ಇಮ್ಯಾನುಯೆಲ್ ಶಾರ್ಪ್ ಮೂರು ಅಂಕದ ಹೊಡೆತ ಹೊಡೆದರು, ಡ್ಯೂಕ್ ಒಳಗೆಸೆದ ಚೆಂಡನ್ನು ಹ್ಯೂಸ್ಟನ್ ಕಸಿದು ಬುಟ್ಟಿಗೆ ತುರುಕಿತು, ಡ್ಯೂಕ್ ‘ಒನ್ ಅಂಡ್ ಒನ್’ನ ಮೊದಲ ಎಸೆತವನ್ನೇ ತಪ್ಪಿಸಿಕೊಂಡಿತು. ಸತತ ಒಂಬತ್ತು ಅಂಕ ಗಳಿಸಿದ ಹ್ಯೂಸ್ಟನ್ 70–67ರಿಂದ ಗೆದ್ದಿತು. ಏಪ್ರಿಲ್ 7ರ ಫೈನಲ್‌ನಲ್ಲಿ ಮುಂದಿದ್ದವರು ಅವರೇ: ಫ್ಲೋರಿಡಾ ಎದುರು 12 ಅಂಕಗಳ ಮುನ್ನಡೆ. ಅದು ಕರಗಿ 63–65 ಆಗಿ, ಕೊನೆಯ ಅವಕಾಶ ಅದೇ ಶಾರ್ಪ್ ಕೈಗೆ ಬಂತು. ಎಸೆಯಲು ಜಿಗಿದರು, ಫ್ಲೋರಿಡಾದ ವಾಲ್ಟರ್ ಕ್ಲೇಟನ್ ಎದುರಿನಿಂದ ಹಾರಿ ಬರುವುದು ಕಂಡಿತು, ಎಸೆದರೆ ತಡೆಯುತ್ತಾರೆಂದು ಗಾಳಿಯಲ್ಲೇ ಚೆಂಡನ್ನು ಕೈಬಿಟ್ಟರು. ಜಿಗಿದು ಇಳಿದವನು ತಾನೇ ಬಿಟ್ಟ ಚೆಂಡನ್ನು ಮೊದಲು ಮುಟ್ಟಿದರೆ ಟ್ರಾವೆಲಿಂಗ್ ಎಂಬ ನಿಯಮಭಂಗ. ಆದ್ದರಿಂದ ಕಾಲ ಬುಡದಲ್ಲಿ ಪುಟಿಯುತ್ತಿದ್ದ ಚೆಂಡಿನ ಪಕ್ಕದಲ್ಲಿ, ಮುಟ್ಟಲಾಗದೆ, ಅವರು ನಿಂತರು. ಫ್ಲೋರಿಡಾದವರು ಅದರ ಮೇಲೆ ಬಿದ್ದರು, ಗಡಿಯಾರ ಮುಗಿಯಿತು. ನಿಮ್ಮ ಮಗಳು ಆ ರಾತ್ರಿ ಅತ್ತಿದ್ದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಅಲ್ಲಿನ ಕಾಲೇಜು ತಂಡಗಳಲ್ಲಿ ನಮ್ಮವರು ಯಾರಾದರೂ ಆಡಿದ್ದಾರೆಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಮಹಿಳಾ ತಂಡದಲ್ಲಿ, ಎನ್‌ಸಿಎಎಯ ಮೊದಲ ದರ್ಜೆಯಲ್ಲೇ, ಆಡಿದ್ದಾರೆ.

ಪ್ರಶ್ನೆ: ಈ ಪಂದ್ಯಗಳನ್ನು ಇಲ್ಲಿಂದ ಯಾವ ಹೊತ್ತಿಗೆ ನೋಡಬೇಕು?
— ಗೃಹಿಣಿ, ಧಾರವಾಡ

ಉತ್ತರ: ಮಾರ್ಚ್ ಮಧ್ಯದಿಂದ ಏಪ್ರಿಲ್ ಮೊದಲ ವಾರದವರೆಗೆ, ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 9 ಗಂಟೆಗೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 6:30. ರಾತ್ರಿಯ ದೊಡ್ಡ ಪಂದ್ಯಗಳು ಹೀಗೆ ನಮ್ಮ ಬೆಳಗಿನ ಕಾಫಿಯ ಹೊತ್ತಿಗೆ ಸರಿಯಾಗಿ ಬರುತ್ತವೆ. ಒಂದೇ ಎಚ್ಚರಿಕೆ: ಪರದೆಯ ಮೇಲೆ ಇನ್ನೆರಡು ನಿಮಿಷ ಎಂದು ಕಂಡಾಗ ಒಲೆಯ ಮೇಲೆ ಹಾಲಿಟ್ಟು ಬಂದು ಕೂರಬೇಡಿ. ಫೌಲು, ಟೈಮ್ ಔಟು, ರೆಫರಿಗಳ ಮರುಪರಿಶೀಲನೆ ಎಲ್ಲ ಸೇರಿ ಆ ಎರಡು ನಿಮಿಷ ಹದಿನೈದು ನಿಮಿಷವಾಗುವುದು ಅಲ್ಲಿ ಮಾಮೂಲು.